ಗಂಟೆಗೆ 50 ಮೈಲಿಯ ದಾರಿಗೆ ನಮ್ಮನ್ನು ಹೊರಡಿಸಿದವರಿಗೆ

ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಯಜಮಾನರಿಗೆ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು. ಈ ವರ್ಷ ಏಪ್ರಿಲ್‌ನಲ್ಲಿ ನಾವಿಬ್ಬರೂ ಗಾಡಿಯ ಹಿಂದೆ ಹದಿನಾರು ಅಡಿಯ, ಒಳಗೇ ತಂಗುವಂಥ ಟ್ರೇಲರ್ ಕಟ್ಟಿಕೊಂಡು ಅಮೆರಿಕದ ನ್ಯಾಚೆಜ್ ಟ್ರೇಸ್ ಪಾರ್ಕ್‌ವೇ ಎಂಬ ರಸ್ತೆಯನ್ನು ತುದಿಯಿಂದ ತುದಿಗೆ ಮುಗಿಸಿದೆವು. ಮಿಸಿಸಿಪ್ಪಿಯ ನ್ಯಾಚೆಜ್‌ನಿಂದ ಅಲಬಾಮಾದ ಮೂಲೆ ಹಾದು ಟೆನೆಸ್ಸಿಯ ನ್ಯಾಶ್‌ವಿಲ್ ಹತ್ತಿರದವರೆಗೆ 444 ಮೈಲಿ. ಅವಸರದವರು ಎರಡು ದಿನದಲ್ಲಿ ಮುಗಿಸುತ್ತಾರೆ, ನಾವು ಹದಿಮೂರು ದಿನ ತೆಗೆದುಕೊಂಡೆವು. ಆ ಏಪ್ರಿಲ್‌ನಿಂದ ಈ ಏಪ್ರಿಲ್‌ಗೆ ನಮ್ಮನ್ನು ದಾಟಿಸಿದವರಿಗೆ ಬಾಯಿಮಾತಿನಲ್ಲಿ ಹೇಳಿದ್ದು ಸಾಲದೆನಿಸಿ ಇದನ್ನು ಬರೆಯುತ್ತಿದ್ದೇನೆ.

ಎಂಟು ವಾರ ನಮ್ಮ ಮನೆಯ ಒಲೆ ಹೊತ್ತಿಸಲು ಬಿಡದ ಕನ್ನಡ ಕೂಟದ ಗೆಳತಿಯರೇ, ಉಪ್ಪು ಹಿಡಿದು ಹಾಕಿದ ಹುಳಿ, ಎಣ್ಣೆ ಕಾಣದ ಪಲ್ಯ, ಸರದಿಯಂತೆ ಬಾಗಿಲಿಗೆ ಬರುತ್ತಿದ್ದ ಡಬ್ಬಿಗಳು ಒಂದೂ ಮರೆತಿಲ್ಲ. ವಾರಕ್ಕೆ ಮೂರು ಸಲದಂತೆ 36 ಬಾರಿ ಇವರನ್ನು ನಡಿಗೆಯ ಯಂತ್ರದ ಮೇಲೆ ನಡೆಸಿದ ದಾದಿಯರೇ, "ಇವತ್ತು ಇನ್ನೆರಡು ನಿಮಿಷ" ಎಂಬ ನಿಮ್ಮ ಮಾತನ್ನು ಇವರು ಈಗಲೂ ಬೆಳಿಗ್ಗೆ ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಟ್ರೇಲರ್ ಓಡಿಸಲು ನನಗೆ ಕಲಿಸಿದ ಪಕ್ಕದ ಮನೆಯ ಹಿರಿಯರಿಗೆ ಬೇರೆಯಾಗಿಯೇ ಕೈಮುಗಿಯಬೇಕು. ಮುಂಚೆ ಅದು ಇವರ ಕೆಲಸವಾಗಿತ್ತು, ನಾನು ನಕ್ಷೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ. ವೈದ್ಯರು ಒಪ್ಪಿದರೂ ಕೊಂಡಿ ಎತ್ತುವುದು, ಸಿಕ್ಕಿಸುವುದು ಇವರಿಗೆ ಬೇಡವೆಂದು ಹಟ ಹಿಡಿದವಳು ನಾನೇ. ಹಾಗಾಗಿ ಕಲಿಯಬೇಕಾದವಳೂ ನಾನೇ. ಆರು ಭಾನುವಾರ ಖಾಲಿ ಅಂಗಳದಲ್ಲಿ ಹಿಂದಕ್ಕೆ ತೆಗೆಯುವ ಪಾಠ. ಸ್ಟಿಯರಿಂಗ್‌ನ ಮೇಲ್ಭಾಗ ಹಿಡಿದರೆ ಎಲ್ಲವೂ ತಿರುವುಮುರುವು. ಕೈಯನ್ನು ಕೆಳಭಾಗದಲ್ಲಿಡು, ಟ್ರೇಲರ್‌ನ ಹಿಂಬದಿ ಎತ್ತ ಹೋಗಬೇಕೋ ಅತ್ತ ಕೈ ಸರಿಸು ಎಂದಿರಿ. ಅಷ್ಟೇ ಗುಟ್ಟು. ಪ್ರಯಾಣದ ಮೊದಲ ರಾತ್ರಿ, ರಾಕಿ ಸ್ಪ್ರಿಂಗ್ಸ್ ಎಂಬ ತಂಗುದಾಣದಲ್ಲಿ, ಎರಡು ಓಕ್ ಮರಗಳ ನಡುವೆ ಒಂದೇ ಪ್ರಯತ್ನದಲ್ಲಿ ನಿಲ್ಲಿಸಿದೆ. ಕೆಳಗಿಳಿದು ನಿಮಗೇ ಮೊದಲ ಫೋನ್.

ನಮ್ಮಂಥವರಿಗೆ ಹೇಳಿ ಮಾಡಿಸಿದ ರಸ್ತೆ ಅದು. ಬಹುಪಾಲು ದಾರಿಯಲ್ಲಿ ವೇಗದ ಮಿತಿ ಗಂಟೆಗೆ 50 ಮೈಲಿ. ಸರಕು ಲಾರಿಗಳಿಗೆ ಪ್ರವೇಶವಿಲ್ಲ, ಜಾಹೀರಾತು ಫಲಕಗಳಿಲ್ಲ. ರಾಕಿ ಸ್ಪ್ರಿಂಗ್ಸ್, ಜೆಫ್ ಬಸ್ಬಿ, ಮೆರಿವೆದರ್ ಲೂಯಿಸ್, ಈ ಮೂರು ಕಡೆ ಶುಲ್ಕವಿಲ್ಲದೆ ತಂಗಬಹುದು. ವಿದ್ಯುತ್ ಸಂಪರ್ಕವಿಲ್ಲ, ಮೊದಲು ಬಂದವರಿಗೆ ಜಾಗ. 1800ರ ಆಸುಪಾಸಿನಲ್ಲಿ ಒಹಾಯೊ ಕಣಿವೆಯ ದೋಣಿಗಾರರು ಮಿಸಿಸಿಪ್ಪಿ ನದಿಯಲ್ಲಿ ಸರಕು ತೇಲಿಸಿಕೊಂಡು ಬಂದು, ಸರಕಿನ ಜೊತೆಗೆ ದೋಣಿಯನ್ನೂ ಮರದ ಬೆಲೆಗೆ ಮಾರಿ, ಇದೇ ಹಾದಿಯಲ್ಲಿ ಊರಿಗೆ ನಡೆದುಹೋಗುತ್ತಿದ್ದರಂತೆ. ಅದಕ್ಕೂ ಮೊದಲೇ ಅದು ಚಾಕ್ಟಾ, ಚಿಕಸಾ ಎಂಬ ಮೂಲನಿವಾಸಿ ಜನರ ಹಾದಿ. ಸವೆದು ಸವೆದು ಹಳೆಯ ದಾರಿ ಎರಡಾಳು ಆಳಕ್ಕೆ ಇಳಿದಿರುವ ಜಾಗವೊಂದಿದೆ, ಸನ್ಕನ್ ಟ್ರೇಸ್. ಇಕ್ಕೆಲದ ಮಣ್ಣಿನ ದಂಡೆ, ಬೇರುಗಳು, ಹಸಿರು ನೆರಳು. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆಗೆ ಇಳಿಯುವ ಓಣಿಯ ನೆನಪಾಗಿ ನಾನು ಅಲ್ಲೇ ನಿಂತುಬಿಟ್ಟೆ. ಇವರು ಮುಂದೆ ನಡೆದಿದ್ದರು. ಒಂದು ವರ್ಷದಿಂದ ಪ್ರತಿ ಹೆಜ್ಜೆಗೂ ಹಿಂದೆಯೇ ಇದ್ದವಳು ಮೊದಲ ಸಲ ಇವರ ಬೆನ್ನನ್ನು ದೂರದಿಂದ ನೋಡಿದೆ.

ಜೆಫ್ ಬಸ್ಬಿಯಲ್ಲಿ ಲಿಟಲ್ ಮೌಂಟನ್ ಎಂಬ ಗುಡ್ಡವಿದೆ. ಸಮುದ್ರಮಟ್ಟದಿಂದ 603 ಅಡಿ. ಮಲೆನಾಡಿನವರು ಅದನ್ನು ಗುಡ್ಡವೆಂದೂ ಒಪ್ಪಲಿಕ್ಕಿಲ್ಲ. ಇವರು ನಾಲ್ಕು ಕಡೆ ಕುಳಿತು ಅದನ್ನು ಹತ್ತಿದರು. ಮೇಲೆ ನಿಂತಾಗ ಮಾತಾಡಲಿಲ್ಲ. ಮಣಿಕಟ್ಟಿಗೆ ಎರಡು ಬೆರಳಿಟ್ಟು ನಾಡಿ ಎಣಿಸಿ, "ಸರಿಯಾಗಿದೆ" ಎಂದು ನನ್ನ ಕೈ ಹಿಡಿದುಕೊಂಡರು.

ಅಲ್ಲಿಂದ ಹೊರಡುವ ಬೆಳಿಗ್ಗೆಯೇ ಪಕ್ಕದ ಬಿಡಾರದ ದಂಪತಿ ಓಡಿ ಬಂದು ನಮ್ಮನ್ನು ತಡೆದದ್ದು. ಟ್ರೇಲರ್‌ನ ಬಲಗಡೆಯ ಟೈರಿನ ಪಕ್ಕೆ ನಿಂಬೆಹಣ್ಣಿನಷ್ಟು ಉಬ್ಬಿತ್ತು. ಮೇಲಿನ ಅಚ್ಚು ಹೊಸದರಂತಿದ್ದುದರಿಂದ ನಾನು ಬಗ್ಗಿ ನೋಡಿರಲಿಲ್ಲ. ಟ್ರೇಲರ್ ಟೈರು ಸವೆಯುವ ಮೊದಲೇ ಹಳತಾಗುತ್ತದೆ, ಪಕ್ಕದಲ್ಲಿರುವ ನಾಲ್ಕಂಕಿ ನೋಡಿ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ ಎಂದು ಆ ತಾಯಿ ತೋರಿಸಿಕೊಟ್ಟರು. ಮಣ್ಣು ಮೆತ್ತಗಿತ್ತು, ಚಕ್ರಗಳಿಗೆ ತಮ್ಮದೇ ಮರದ ತುಂಡುಗಳನ್ನು ಅಡ್ಡ ಕೊಟ್ಟು, ಜಾಕ್ ಏರಿಸುವ ಮೊದಲೇ ನಟ್ಟು ಸಡಿಲಿಸಿ, ಸ್ಟೆಪ್ನಿ ಹಾಕಿ, ನಟ್ಟುಗಳನ್ನು ಎದುರುಬದುರಾಗಿ ನನ್ನ ಕೈಯಲ್ಲೇ ಬಿಗಿ ಮಾಡಿಸಿದರು. "ಐವತ್ತು ಮೈಲಿ ಆದ ಮೇಲೆ ಮತ್ತೊಮ್ಮೆ ನೋಡಿ" ಎಂದು ಎರಡು ಸಲ ಹೇಳಿದರು. ನೋಡಿದೆ ತಾಯಿ. ಒಂದು ನಟ್ಟು ಕಾಲು ಸುತ್ತು ತಿರುಗಿತು.

ಅಲಬಾಮಾದಲ್ಲಿ ಟಾಮ್ ಹೆಂಡ್ರಿಕ್ಸ್ ಕಟ್ಟಿದ ಕಲ್ಲಿನ ಗೋಡೆಯ ಪಕ್ಕ ಅರ್ಧ ದಿನ ಕುಳಿತಿದ್ದೆವು. 1830ರ ದಶಕದಲ್ಲಿ ಓಕ್ಲಹೋಮಾದ ಕಡೆಗೆ ಅಟ್ಟಲ್ಪಟ್ಟು, ಮತ್ತೆ ತನ್ನ ನದಿಯ ದಡಕ್ಕೆ ನಡೆದೇ ಮರಳಿದ ಯೂಚಿ ಜನಾಂಗದ ತಮ್ಮ ಮುತ್ತಜ್ಜಿಯ ತಾಯಿಗಾಗಿ ಅವರು ಮೂವತ್ತು ವರ್ಷ ಕಲ್ಲು ಹೊತ್ತರು. ಗಾರೆಯಿಲ್ಲದ, ಸೊಂಟದೆತ್ತರದ ಆ ಗೋಡೆಯ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಹೋಗಲೇಬೇಕೆಂದು ಒತ್ತಾಯಿಸಿದ ಮಗಳಿಗೆ ಇಲ್ಲಿ ಪ್ರೀತಿಯ ಒಂದು ಸಾಲು.

ದಾರಿ ಮುಗಿದ ಮೇಲೆ ನ್ಯಾಶ್‌ವಿಲ್‌ನ ಗಣೇಶ ದೇವಸ್ಥಾನದಲ್ಲಿ ತೆಂಗಿನಕಾಯಿ ಒಡೆಸಿ, ಎಲ್ಲರ ಹೆಸರು ಹೇಳಿ ಅರ್ಚನೆ ಮಾಡಿಸಿದೆವು. ಜೆಫ್ ಬಸ್ಬಿಯ ದಂಪತಿಯ ಹೆಸರು ಮಾತ್ರ ತಿಳಿದಿರಲಿಲ್ಲ. ಗಡಿಬಿಡಿಯಲ್ಲಿ ಕೇಳಲೇ ಇಲ್ಲ. ನಿಮ್ಮ ಆ ಎರಡು ಮರದ ತುಂಡುಗಳು ನಮ್ಮ ಟ್ರೇಲರ್‌ನಲ್ಲೇ ಉಳಿದುಬಿಟ್ಟಿವೆ. ಬರುವ ಏಪ್ರಿಲ್‌ನ ಮೊದಲ ವಾರ ನಾವು ಮತ್ತೆ ಅದೇ ಜಾಗದಲ್ಲಿ ಇಳಿದುಕೊಳ್ಳುತ್ತೇವೆ. ಅವನ್ನು ತರುತ್ತೇನೆ.