ಕರೆಂಟ್ ಕ್ಷಣಕಾಲ ಹೋಗಿ ಬರುವ ಬಗ್ಗೆ

ಮಾನ್ಯ ಸದಸ್ಯರೇ,

ಇನ್ನು ಮುಂದೆ ಗಾಳಿ, ಮಳೆ ಬಂದಾಗ ದೀಪ ಥಟ್ಟನೆ ಆರಿ, ಕೆಲವೇ ಸೆಕೆಂಡುಗಳಲ್ಲಿ ಮತ್ತೆ ಹೊತ್ತಿಕೊಳ್ಳಬಹುದು. ಒಮ್ಮೊಮ್ಮೆ ಎರಡು ಮೂರು ಸಲ ಹೀಗಾದೀತು. ಲೈನ್ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ 11 ಕೆವಿ (11 ಸಾವಿರ ವೋಲ್ಟ್) ಲೈನುಗಳಿಗೆ ರೀಕ್ಲೋಸರ್ ಎಂಬ, ತಾನೇ ಕಡಿದು ತಾನೇ ಜೋಡಿಸುವ ಸ್ವಿಚ್ ಕೂರಿಸಿದ್ದೇವೆ, ಇದು ಅದರದೇ ಕೆಲಸ.

ಹಳ್ಳಿಗಾಡಿನ ಲೈನ್ ಹೊಲ, ತೋಪು ದಾಟಿ ದೂರ ಸಾಗುತ್ತದೆ, ತುದಿಯಲ್ಲಿ ನಾಲ್ಕಾರು ಮನೆ ಇದ್ದರೆ ಹೆಚ್ಚು. ಇಂಥ ಬಯಲು ತಂತಿಯಲ್ಲಿ ಕಾಣಿಸುವ ದೋಷಗಳಲ್ಲಿ ಬಹುಪಾಲು ಕ್ಷಣಿಕ. ಕೊಂಬೆ ತಾಗಿ ಹಿಂದೆ ಸರಿಯುತ್ತದೆ. ಸಿಡಿಲಿಗೆ ಇನ್ಸುಲೇಟರ್ ಮೇಲೆ ಕಿಡಿ ಹಾರಿ ಆರಿಹೋಗುತ್ತದೆ. ಅಷ್ಟಕ್ಕೇ ಫ್ಯೂಸ್ ಹೋಗುತ್ತಿತ್ತು. ಲೈನ್‌ಮನ್ ಟಾರ್ಚ್ ಹಿಡಿದು ಕಂಬದಿಂದ ಕಂಬಕ್ಕೆ ನಡೆದು, ಏನೂ ಸಿಗದೆ, ಫ್ಯೂಸ್ ಕಟ್ಟಿ ಬರುವವರೆಗೆ ಊರಿಗೆ ಊರೇ ಕತ್ತಲಲ್ಲಿ. ಸಹಕಾರ ಸಂಘವಾದ್ದರಿಂದ ಆಗ ಬೈಯುವವರೂ ಮಾಲೀಕರೇ, ಬೈಸಿಕೊಳ್ಳುವವರೂ ಮಾಲೀಕರೇ!

ರೀಕ್ಲೋಸರ್ ದೋಷ ಕಂಡೊಡನೆ ಲೈನ್ ಕಡಿದು, ತುಸು ಕಾದು, ತಾನೇ ಮತ್ತೆ ಜೋಡಿಸುತ್ತದೆ. ದೋಷ ಹೋಗಿದ್ದರೆ ಕರೆಂಟ್ ನಿಲ್ಲದೆ ಮುಂದುವರಿಯುತ್ತದೆ. ಮೂರ್ನಾಲ್ಕು ಸಲ ನೋಡಿಯೂ ಹೋಗದಿದ್ದರೆ ಕೈಬಿಡುತ್ತದೆ. ಆಗ ಮಾತ್ರ ನಮ್ಮವರು ಹೊರಡಬೇಕು. ಗಡಿಯಾರ, ಟಿವಿ ಪೆಟ್ಟಿಗೆ ಮತ್ತೆ ಮತ್ತೆ ಹೊಂದಿಸುವ ಕಿರಿಕಿರಿ ನಿಮಗೆ ಉಳಿಯುತ್ತದೆ, ನಿಜ. ಗಂಟೆಗಟ್ಟಲೆ ಕತ್ತಲಲ್ಲಿ ಕೂರುವುದಕ್ಕಿಂತ ಇದು ವಾಸಿ ಎಂದೇ ನಮ್ಮ ಲೆಕ್ಕ.

ಪಂಪ್‌ಸೆಟ್‌ಗೆ ಆಟೋ ಸ್ಟಾರ್ಟರ್ ಇರುವವರು ಅದರಲ್ಲಿ ಕೆಲವು ನಿಮಿಷ ತಡವಾಗಿ ಶುರುವಾಗುವಂತೆ ಟೈಮರ್ ಇಡಿಸಿ. ಕರೆಂಟ್ ಬಂದ ಕೂಡಲೇ ಎಲ್ಲ ಮೋಟಾರೂ ಒಟ್ಟಿಗೆ ಎದ್ದರೆ ಆ ಭಾರಕ್ಕೇ ಲೈನ್ ಮತ್ತೆ ಟ್ರಿಪ್ ಆದೀತು.

ಎಲ್ಲಕ್ಕಿಂತ ಮುಖ್ಯವಾದದ್ದು ಹರಿದು ಬಿದ್ದ ತಂತಿ. ಊರಲ್ಲಿ ದೀಪವಿಲ್ಲ, ತಂತಿಯಲ್ಲಿ ಕರೆಂಟ್ ಇಲ್ಲ ಎಂದು ಹತ್ತಿರ ಹೋಗಲೇಬೇಡಿ. ರೀಕ್ಲೋಸರ್ ಮರುಕ್ಷಣವೇ ಅದಕ್ಕೆ ಕರೆಂಟ್ ಕೊಡಬಹುದು. ದನಕರು, ಮಕ್ಕಳನ್ನು ದೂರವಿಟ್ಟು ನಮಗೆ ಫೋನ್ ಮಾಡಿ.

ಜನರೇಟರ್ ಇದ್ದವರು ಚೇಂಜ್‌ಓವರ್ ಸ್ವಿಚ್ (ಒಮ್ಮೆಗೆ ಲೈನ್ ಇಲ್ಲವೇ ಜನರೇಟರ್, ಒಂದನ್ನೇ ಮನೆಗೆ ಜೋಡಿಸುವ ಸ್ವಿಚ್) ಇಲ್ಲದೆ ಅದನ್ನು ಮನೆಯ ವೈರಿಂಗಿಗೆ ಸೇರಿಸಕೂಡದು. ಮನೆಯ 230 ವೋಲ್ಟ್ ಟಿಸಿ (ಟ್ರಾನ್ಸ್‌ಫಾರ್ಮರ್) ಒಳಗೆ ಹಿಂದಕ್ಕೆ ಹರಿದರೆ ಸಾವಿರಾರು ವೋಲ್ಟ್ ಆಗಿ ಲೈನಿಗೇರುತ್ತದೆ, ಕಂಬದ ಮೇಲಿರುವ ನಮ್ಮ ಲೈನ್‌ಮನ್ ಪ್ರಾಣಕ್ಕೆ ಎರವಾಗುತ್ತದೆ. ಅಂಥ ಮನೆ ಕಂಡರೆ ಸರಿಪಡಿಸುವ ತನಕ ಸಂಪರ್ಕ ಕಡಿಯುತ್ತೇವೆ. ಇದರಲ್ಲಿ ಯಾರ ಮುಲಾಜೂ ಇಲ್ಲ.

ಫೋನ್ ಮಾಡುವಾಗ ಹತ್ತಿರದ ಕಂಬದ ಮೇಲೆ ಬರೆದ ಸಂಖ್ಯೆಯನ್ನು ದೂರದಿಂದಲೇ ಓದಿ ಹೇಳಿ. ಹುಡುಕುವ ಹೊತ್ತು ಉಳಿಯುತ್ತದೆ.

ಇಂತಿ,
ಕಾರ್ಯದರ್ಶಿ
ಗ್ರಾಮೀಣ ವಿದ್ಯುತ್ ಸಹಕಾರ ಸಂಘ