ಹುಡುಗಿಯರ ತಂಡಕ್ಕೆ ಮಹಿಳಾ ಕೋಚ್ ಇರಲಿ

ಮಾನ್ಯ ಸಂಪಾದಕರೇ,

ನಿಮ್ಮ ಕ್ರೀಡಾ ಪುಟವನ್ನು ದಿನಾ ತಪ್ಪದೆ ಓದುತ್ತೇನೆ. ಆಟಗಾರರ ಬಗ್ಗೆ ಪ್ರೀತಿಯಿಂದ ಬರೆಯುತ್ತೀರಿ. ಆದರೆ ಹುಡುಗಿಯರಿಗೆ ಆಟ ಕಲಿಸುವವರ ಬಗ್ಗೆ ಓದಿದ ನೆನಪಿಲ್ಲ. ಅದಕ್ಕೇ ನನಗೆ ತುಂಬಾ ಇಷ್ಟವಾದ ಒಬ್ಬ ಮಹಿಳಾ ಕೋಚ್ ಬಗ್ಗೆ ಬರೆಯುತ್ತಿದ್ದೇನೆ.

ಅಮೆರಿಕದ ಕ್ಯಾರಲ್ ಹಚಿನ್ಸ್. ಎಲ್ಲರಿಗೂ ಅವರು ‘ಹಚ್’. ಮಿಷಿಗನ್ ವಿಶ್ವವಿದ್ಯಾಲಯದ ಹುಡುಗಿಯರ ಸಾಫ್ಟ್‌ಬಾಲ್ (ಬೇಸ್‌ಬಾಲ್ ತರಹದ ಆಟ) ತಂಡಕ್ಕೆ 1985ರಿಂದ 2022ರವರೆಗೆ ಮುಖ್ಯ ಕೋಚ್ ಆಗಿದ್ದರು. 38 ಸೀಸನ್, ಒಂದೇ ತಂಡ! ನಿವೃತ್ತರಾದಾಗ ಅವರ ಲೆಕ್ಕದಲ್ಲಿ 1,707 ಗೆಲುವುಗಳಿದ್ದವು. ಅಲ್ಲಿಯವರೆಗೆ ದೊಡ್ಡ ಕಾಲೇಜುಗಳ ಸಾಫ್ಟ್‌ಬಾಲ್‌ನಲ್ಲಿ ಅಷ್ಟು ಗೆದ್ದ ಕೋಚ್ ಬೇರೆ ಇರಲಿಲ್ಲ. 2005ರ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಅವರ ಹುಡುಗಿಯರು ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡದ ಎದುರು ಮೊದಲ ಪಂದ್ಯ ಸೋತು, ಆಮೇಲಿನ ಎರಡನ್ನೂ ಗೆದ್ದರು. ಕೊನೆಯ ಪಂದ್ಯ ಏಳು ಇನಿಂಗ್ಸ್‌ಗೆ ಮುಗಿಯದೆ ಹತ್ತರವರೆಗೆ ಹೋಯಿತು. ಮಿಸಿಸಿಪ್ಪಿ ನದಿಯ ಪೂರ್ವಕ್ಕಿರುವ ಕಾಲೇಜೊಂದು ಈ ಪಟ್ಟ ಗೆದ್ದಿದ್ದು ಅದೇ ಮೊದಲು.

ನನ್ನ ಮನಸ್ಸಿಗೆ ನಾಟಿದ್ದು ಅವರು ಕೋಚ್ ಆಗುವುದಕ್ಕೂ ಮುಂಚಿನ ಕಥೆ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಹಚ್ ಸಾಫ್ಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಎರಡನ್ನೂ ಆಡುತ್ತಿದ್ದರು. 1976ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಸಾಫ್ಟ್‌ಬಾಲ್ ತಂಡದಲ್ಲೂ ಇದ್ದರು. ಬ್ಯಾಸ್ಕೆಟ್‌ಬಾಲ್‌ಗೆ ಪರಸ್ಥಳಕ್ಕೆ ಹೋದಾಗ ಹುಡುಗರ ತಂಡಕ್ಕೆ ಊಟದ ಭತ್ಯೆ ಜಾಸ್ತಿ, ಹುಡುಗಿಯರಿಗೆ ಕಮ್ಮಿ. ಪ್ರಯಾಣ, ವಸತಿಯಲ್ಲೂ ಅದೇ ಭೇದ. 1979ರಲ್ಲಿ ಹುಡುಗಿಯರೆಲ್ಲ ಸೇರಿ ತಮ್ಮ ವಿಶ್ವವಿದ್ಯಾಲಯದ ಮೇಲೇ ಕೋರ್ಟಿಗೆ ಹೋದರು. ಆ ಕೇಸಿಗೆ ಇರುವುದು ಹಚಿನ್ಸ್ ಅವರದೇ ಹೆಸರು.

ಇದನ್ನು ಓದಿದಾಗ ನನಗೆ ನನ್ನ ಕಾಲೇಜು ದಿನಗಳು ಕಣ್ಣ ಮುಂದೆ ಬಂದವು. ನಾನೂ ಸಾಫ್ಟ್‌ಬಾಲ್ ಆಡಿದವಳು. ಒಂಬತ್ತು ಜನ ಹುಡುಗಿಯರಿಗೆ ನಾಲ್ಕೇ ಗ್ಲೌಸ್. ಹೊಲಿಗೆ ಬಿಟ್ಟಿದ್ದನ್ನು ಚಪ್ಪಲಿ ರಿಪೇರಿಯವರ ಹತ್ತಿರ ಹೊಲಿಸಿಕೊಂಡು ಬರುತ್ತಿದ್ದೆವು. ಪಂದ್ಯಕ್ಕೆ ಹೊರಟಾಗ ಹುಡುಗರಿಗೆ ತಿಂಡಿಯ ದುಡ್ಡು ಸಿಗುತ್ತಿತ್ತು. ನಾವು ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆವು. ಕೇಳಬೇಕು ಅನ್ನೋದೇ ನಮಗೆ ಹೊಳೆದಿರಲಿಲ್ಲ.

ಅಮೆರಿಕದಲ್ಲಿ 1972ರಲ್ಲಿ, ಶಾಲಾ ಕಾಲೇಜುಗಳಲ್ಲಿ ಗಂಡು ಹೆಣ್ಣು ಅಂತ ಭೇದ ಮಾಡಬಾರದು ಅನ್ನುವ ‘ಟೈಟಲ್ ನೈನ್’ ಕಾನೂನು ಬಂತು. ಕಾಲೇಜುಗಳಲ್ಲಿ ಹುಡುಗಿಯರಿಗೂ ಆಟದ ಅವಕಾಶ ಬೆಳೆಯಿತು. ಆದರೆ ಅದಕ್ಕೆ ಮುಂಚೆ ಹುಡುಗಿಯರ ತಂಡಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ತಂಡಗಳಿಗೆ ಮಹಿಳೆಯರೇ ಕೋಚ್ ಆಗಿದ್ದರು. ಕೆಲಸಕ್ಕೆ ಒಳ್ಳೆಯ ಸಂಬಳ, ಮರ್ಯಾದೆ ಬಂದ ಮೇಲೆ ಗಂಡಸರು ಆ ಜಾಗಕ್ಕೆ ಬಂದರು. ಈಗ ಮಹಿಳಾ ಕೋಚ್‌ಗಳು ಅರ್ಧಕ್ಕಿಂತ ಕಡಿಮೆ. ಹುಡುಗಿಯರಿಗೆ ಮಹಿಳೆಯರೇ ಕೋಚ್ ಆಗಬೇಕು ಅಂತ ಹಚ್ ಕೊನೆಯವರೆಗೂ ಬಿಡದೆ ಹೇಳಿದರು. ತಮ್ಮ ಕೈಕೆಳಗೇ ಆಡಿದ ಬಾನಿ ಥೋಲ್ ಅವರನ್ನು ಸಹಾಯಕ ಕೋಚ್ ಮಾಡಿಕೊಂಡು, ವರ್ಷಾನುಗಟ್ಟಲೆ ಜೊತೆಗಿಟ್ಟುಕೊಂಡರು. 2022ರಲ್ಲಿ ತಂಡ ಹೋಗಿದ್ದು ಆ ಥೋಲ್ ಕೈಗೇ.

ಮಹಿಳಾ ಕೋಚ್ ಯಾಕೆ ಬೇಕು ಅಂತ ಯಾರಾದರೂ ಕೇಳಬಹುದು. ಗಂಡಸರು ಚೆನ್ನಾಗಿ ಕಲಿಸುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ನನಗೆ ಪಿಚಿಂಗ್ ಕಲಿಸಿದವರೂ ಒಬ್ಬ ಮೇಷ್ಟ್ರೇ. ಕೈಯನ್ನು ಗಿರ್ರನೆ ತಿರುಗಿಸಿ ಸೊಂಟದ ಪಕ್ಕದಿಂದ ಚೆಂಡು ಬಿಡುವುದನ್ನು ತಾಳ್ಮೆಯಿಂದ ಹೇಳಿಕೊಟ್ಟರು. ಆದರೆ ಮುಂದೆ ನಾನು ದೈಹಿಕ ಶಿಕ್ಷಕಿಯಾದ ಮೇಲೆ ಒಂದು ಜಿಲ್ಲಾ ಮಟ್ಟದ ಪಂದ್ಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಎದುರು ತಂಡದ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು ಸೆರಗು ಹಿಡಿದು ನಿಂತಳು. “ಮಿಸ್, ಹೊಟ್ಟೆ ನೋವು. ನಮ್ಮ ಸಾರ್‌ಗೆ ಹೇಳಕ್ಕಾಗಲ್ಲ, ನೀವೇ ಹೇಳ್ತೀರಾ?” ಅಂದಳು. ಅವರ ಜೊತೆ ಒಬ್ಬ ಶಿಕ್ಷಕಿಯೂ ಬಂದಿರಲಿಲ್ಲ. ಬೆಳಿಗ್ಗೆಯಿಂದ ಆ ಮಗು ನೋವು ನುಂಗಿಕೊಂಡು ಓಡಿತ್ತು.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಗೆದ್ದ ಹುಡುಗಿಯರ ಫೋಟೊ ಹಾಕುವಾಗ ಎಲ್ಲರ ಹೆಸರನ್ನೂ ಕೊಡುತ್ತೀರಿ, ಸಂತೋಷ. ಆ ಸಾಲಿನ ತುದಿಯಲ್ಲಿ ಕತ್ತಿಗೆ ವಿಷಲ್ ಹಾಕಿಕೊಂಡು ಒಬ್ಬ ಟೀಚರ್ ನಿಂತಿರುತ್ತಾರೆ. ಅವರ ಹೆಸರನ್ನೂ ಹಾಕಿ. ಎಷ್ಟು ವರ್ಷದಿಂದ ಕಲಿಸುತ್ತಿದ್ದಾರೆ ಅಂತ ಕೇಳಿ, ಅದನ್ನೂ ಒಂದು ಸಾಲು ಬರೆಯಿರಿ.

– ನಿವೃತ್ತ ದೈಹಿಕ ಶಿಕ್ಷಕಿ, ಹಾಸನ