ಉಡಿಯಲ್ಲಿ ಕಟ್ಟಿಕೊಟ್ಟ ಜೋಳ

ಕಲಬುರಗಿ
ಸೀಗಿ ಹುಣ್ಣಿಮೆ ಕಳೆದು ನಾಲ್ಕನೆಯ ದಿನ

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನೀನು ಮತ್ತೆ ಮತ್ತೆ ಕೇಳಿದ್ದು ಒಂದೇ ಮಾತು: "ಕಾಲು ಹೇಗಿದೆ ಅವ್ವ?" ಕಾಲು ಚೆನ್ನಾಗಿದೆ. ಬಲಗಾಲಿನ ಗುಳ್ಳೆ ಒಣಗಿ ಸಿಪ್ಪೆ ಏಳುತ್ತಿದೆ. ಆ ಕಾಲನ್ನು ಉಳಿಸಿದವರು ಯಾರು ಎಂದು ಹೇಳಲು ಹೊರಟಾಗ ಗಂಟಲು ಕಟ್ಟಿತು, ಫೋನನ್ನು ನಿನ್ನ ಅಪ್ಪನ ಕೈಗೆ ಕೊಟ್ಟುಬಿಟ್ಟೆ. ಅದಕ್ಕೇ ಈ ಪತ್ರ.

ಮಳೆಗಾಲದಲ್ಲಿ ನೀನು ಬೆಂಗಳೂರಿನಲ್ಲಿ ಡೆಂಗಿ ಜ್ವರದಿಂದ ಮಲಗಿದಾಗ ನಾನು ಅಂಬಾಭವಾನಿಗೆ ಹರಕೆ ಹೊತ್ತಿದ್ದೆ. ಮಗಳು ಎದ್ದು ಓಡಾಡಿದರೆ ತುಳಜಾಪುರಕ್ಕೆ ನಡೆದು ಬರುತ್ತೇನೆ ಎಂದು. ನೀನು ಬೇಡವೆಂದೆ. ಬಸ್ಸಿನಲ್ಲಿ ಹೋಗು, ದಾರಿಯಲ್ಲಿ ಯಾರು ಎಂಥವರಿರುತ್ತಾರೋ ಎಂದೆ. ಆ ಮಾತನ್ನು ನಿನಗೆ ಕಲಿಸಿದವಳು ನಾನೇ. ಕಾಲೇಜಿಗೆ ಮೊದಲ ಸಲ ಬಸ್ ಹತ್ತಿಸುವಾಗ, ಗುರುತಿಲ್ಲದವರು ಏನು ಕೊಟ್ಟರೂ ಬಾಯಿಗೆ ಹಾಕಬೇಡ ಎಂದು ಮೂರು ಸಲ ಹೇಳಿ ಕಳಿಸಿದ್ದೆ.

ದಸರೆಯ ಸೀಮೋಲ್ಲಂಘನ ಮುಗಿದ ಮೇಲೆ ದೇವಿ ಯುದ್ಧದ ದಣಿವಿಗೆ ಐದು ದಿನ ಪಲ್ಲಂಗದ ಮೇಲೆ ಮಲಗುತ್ತಾಳೆ, ಹುಣ್ಣಿಮೆಗೆ ಏಳುತ್ತಾಳೆ. ಅವಳು ಏಳುವ ಹೊತ್ತಿಗೆ ಗುಡಿ ಮುಟ್ಟಬೇಕೆಂದೇ ಜನ ನಡೆಯುವುದು. ನಮ್ಮ ಓಣಿಯ ಹದಿನಾಲ್ಕು ಜನ ಏಕಾದಶಿಯ ನಸುಕಿನಲ್ಲಿ ಮೂರು ಗಂಟೆಗೆ ಆಳಂದ ಚೆಕ್‌ಪೋಸ್ಟ್ ದಾಟಿದೆವು. ಚಂದ್ರ ಮುಳುಗಿದ್ದ. ರಸ್ತೆಯ ತುಂಬ ಮೊಬೈಲ್ ಬೆಳಕುಗಳು, "ಆಯಿ ರಾಜಾ ಉದೋ ಉದೋ" ಎಂಬ ಕೂಗು, ಹಿಂದೆ ಎಲ್ಲೋ ಗೊಂದಲಿಗರ ಸಂಬಾಳದ ಸದ್ದು. ಆಳಂದ, ಉಮರ್ಗಾ, ನಳದುರ್ಗ, ಆಮೇಲೆ ತುಳಜಾಪುರ. ನಾಲ್ಕು ದಿನದ ದಾರಿ. ನಾನು ಬರೆಯುತ್ತಿರುವುದು ಮೊದಲ ದಿನದ ಸುಮಾರು 40 ಕಿಲೋಮೀಟರಿನ ಸಂಗತಿ ಮಾತ್ರ.

ಬೆಳಕು ಹರಿಯುವ ಮೊದಲೇ ಒಬ್ಬ ಹುಡುಗ ಕೈಗೆ ಚಹಾದ ಲೋಟ ಇಟ್ಟ. ಮುಖ ಸರಿಯಾಗಿ ಕಾಣಿಸಲಿಲ್ಲ. ಅಲ್ಲಿಂದ ಮುಂದೆ ಕೈ ಬರಿದಾಗಲೇ ಇಲ್ಲ. ಬಾಳೆಹಣ್ಣು, ಸುಸಲಾ, ಮಜ್ಜಿಗೆ. ಟ್ರ್ಯಾಕ್ಟರಿನ ಡಬ್ಬಿಯಲ್ಲಿ ರೊಟ್ಟಿ ತಂದವರು ಒಂದರ ಮೇಲೊಂದು ಎರಡು ಜೋಳದ ರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿ ಹಾಕಿ, "ಇನ್ನೊಂದು ತೆಗೆದುಕೊಳ್ಳವ್ವ, ಮುಂದೆ ಬಿಸಿಲಿದೆ" ಎಂದು ಬೆನ್ನು ಹತ್ತಿದರು. ಕಡಗಂಚಿಯ ಹತ್ತಿರ ನಾಲ್ಕು ಜನ ಕಾಲೇಜು ಹುಡುಗಿಯರು ನೋವಿನ ಮುಲಾಮು ಹಿಡಿದು ನಿಂತಿದ್ದರು. ಅವರಲ್ಲಿ ಒಬ್ಬಳ ಜಡೆ ನಿನ್ನ ಜಡೆಯಂತೆಯೇ ಇತ್ತು.

ನಾನು ಶರಣಬಸಪ್ಪನ ಊರಿನಲ್ಲಿ ಬೆಳೆದವಳು. ತೆನೆ ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ಕುಡಿಯಲು ನೀರಿಟ್ಟ ಶರಣನ ಕಥೆ ಕೇಳುತ್ತಲೇ ದೊಡ್ಡವಳಾದೆ. ಜಾತ್ರೆಯ ದಾಸೋಹಕ್ಕೆ ಎಷ್ಟು ವರ್ಷ ರೊಟ್ಟಿ ಬಡಿದಿದ್ದೇನೆ ಎಂಬುದು ನಿನಗೆ ಗೊತ್ತು. ಬಡಿಸುವ ಸಾಲಿನಲ್ಲಿಯೇ ನಿಂತು ರೂಢಿಯಾದ ನನಗೆ ಅಂದು ಕೈ ಚಾಚಲು ಸಂಕೋಚವಾಯಿತು. ಮೊದಲ ರೊಟ್ಟಿ ತಿನ್ನುವಾಗ ಪರ್ಸಿನ ಮೇಲೆಯೇ ಕೈ ಇತ್ತು. ಎರಡು ಕಡೆ ಹತ್ತು ರೂಪಾಯಿ ಕೊಡಲು ಹೋದೆ. ಇಬ್ಬರೂ ಕೈ ಮುಗಿದರು, ಮುಟ್ಟಲಿಲ್ಲ.

ಮಧ್ಯಾಹ್ನ ಕಡಗಂಚಿ ದಾಟಿ ಒಂದು ಗಂಟೆ ನಡೆದಿರಬಹುದು. ಬಲ ಅಂಗಾಲಿನ ಗುಳ್ಳೆ ಒಡೆಯಿತು. ಬರಿಗಾಲು, ಡಾಂಬರು ಸುಡುತ್ತಿತ್ತು. ನೀವು ನಡೆಯಿರಿ, ಬರುತ್ತೇನೆ ಎಂದು ಜೊತೆಯವರನ್ನು ಮುಂದೆ ಕಳಿಸಿ ಕಿಲೋಮೀಟರ್ ಕಲ್ಲಿನ ಮೇಲೆ ಕುಳಿತೆ. ಸುಳ್ಳು ಏಕೆ ಹೇಳಲಿ, ಅತ್ತುಬಿಟ್ಟೆ. ಇನ್ನು ಆಗುವುದಿಲ್ಲ, ಹಿಂದಕ್ಕೆ ಹೋಗುವ ಬಸ್ಸಿಗೆ ಕೈ ಮಾಡೋಣ ಎಂದುಕೊಂಡೆ.

ಎಡಕ್ಕೆ ತೊಗರಿ ಎದೆಮಟ್ಟ ಬೆಳೆದು ನಿಂತಿತ್ತು. ಅದರ ಪಕ್ಕದ ಹೊಲದಲ್ಲಿ ಸೋಯಾ ಕೊಯ್ಲು. ಅಲ್ಲಿಂದ ಒಬ್ಬಾಕೆ ಕುಂಟುತ್ತಾ ರಸ್ತೆಗೆ ಬಂದಳು. ಕೈಯಲ್ಲಿ ಕುಡಗೋಲು, ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ಗಂಡಸರ ಹಳೆಯ ಟವೆಲ್. ನನಗಿಂತ ಹತ್ತು ವರ್ಷವಾದರೂ ದೊಡ್ಡವಳು. ಊರು ಯಾವುದು, ಯಾರ ಮನೆಯವಳು, ಯಾವ ಜನ ಎಂದು ಒಂದೂ ಕೇಳಲಿಲ್ಲ. ಅಂಗಾಲು ನೋಡಿ, "ಏಳು ತಾಯಿ" ಎಂದಳು.

ಬೇವಿನ ಗಿಡದ ಕೆಳಗೆ ತಗಡಿನ ಶೆಡ್ಡು. ಮೂರು ಕಲ್ಲಿನ ಒಲೆಯಲ್ಲಿ ಸೋಯಾ ಕಡ್ಡಿಗಳನ್ನೇ ಉರಿಸಿ ನೀರು ಕಾಯಿಸಿದಳು. ಅರಿಶಿನ, ಉಪ್ಪು ಹಾಕಿದ ನೀರಿನಲ್ಲಿ ಕಾಲಿಡಿಸಿ, ಮಣ್ಣು, ಸಣ್ಣ ಕಲ್ಲು ಎಲ್ಲ ತೆಗೆದು, ಕೊಬ್ಬರಿ ಎಣ್ಣೆ ಹಚ್ಚತೊಡಗಿದಳು. ಸೋಯಾ ಕಾಯಿ ಚುಚ್ಚಿ ಚುಚ್ಚಿ ಆಕೆಯ ಬೆರಳುಗಳೇ ಸೀಳಿದ್ದವು, ಸೀಳಿನಲ್ಲಿ ಕಪ್ಪು ಮಣ್ಣು ಕೂತಿತ್ತು. ಆ ಬೆರಳುಗಳಿಂದ ನನ್ನ ಕಾಲನ್ನು ಹಸುಗೂಸಿನ ಕಾಲಿನಂತೆ ಹಿಡಿದಿದ್ದಳು. ದೊಡ್ಡವರು ನನ್ನ ಪಾದ ಮುಟ್ಟುವುದೆಂದರೇನು? ಕಾಲು ಎಳೆದುಕೊಂಡೆ. ಗಟ್ಟಿಯಾಗಿ ಹಿಡಿದು ಹೇಳಿದಳು: "ಸುಮ್ಮನಿರು. ನನ್ನ ಮೊಣಕಾಲು ಹೋಗಿ ನಾಲ್ಕು ವರ್ಷವಾಯಿತು, ಆಯಿಯ ಗುಡಿ ಕಂಡಿಲ್ಲ. ನೀನಾದರೂ ಮುಟ್ಟು."

ಟವೆಲಿನ ತುದಿ ಹರಿದು ಕಾಲಿಗೆ ಕಟ್ಟಿದಳು. ನಾನು ನೂರರ ನೋಟು ತೆಗೆದೆ. ಅದನ್ನು ನೋಡಿ ಆಕೆಯ ಮುಖ ಸಣ್ಣದಾಯಿತು. ಈಗಲೂ ಆ ಮುಖ ಕಣ್ಣೆದುರು ಬರುತ್ತದೆ, ನಾಚಿಕೆಯಾಗುತ್ತದೆ. ನೋಟನ್ನು ಮಡಚಿ ನನ್ನ ಮುಷ್ಟಿಯೊಳಗೇ ಇಟ್ಟು, ಬುತ್ತಿಯ ಚೀಲದ ಪಕ್ಕದ ಗಂಟಿನಿಂದ ಎರಡು ಹಿಡಿ ಬಿಳಿಜೋಳ ತೆಗೆದು ನನ್ನ ಉಡಿಗೆ ಸುರಿದು ಗಂಟು ಹಾಕಿದಳು. "ಗುಡಿಯ ಹತ್ತಿರ ಭಿಕ್ಷೆಯ ಪರಡಿ ಬುಟ್ಟಿ ಹಿಡಿದವರು ಬಂದರೆ ನನ್ನ ಹೆಸರಿನಲ್ಲಿ ಹಾಕು" ಎಂದಳು. ಹೂಂ ಎಂದು ಹೊರಟೆ.

ಅರ್ಧ ಮೈಲಿ ನಡೆದ ಮೇಲೆ ನೆನಪಾಯಿತು. ಆಕೆಯ ಹೆಸರೇ ಕೇಳಿರಲಿಲ್ಲ.

ಆಮೇಲಿನ ದಾರಿ ಹೇಗೆ ಸವೆಯಿತೋ. ಕತ್ತಲಾದ ಮೇಲೆ ಆಳಂದದ ಅಂಚಿನಲ್ಲಿ ಬಿಳಿ ಟೋಪಿಯ ಹುಡುಗರು ದೊಡ್ಡ ಡ್ರಮ್ಮಿನಲ್ಲಿ ಶರಬತ್ತು ಇಟ್ಟುಕೊಂಡು, "ಬನ್ನಿ ಅಮ್ಮಾ, ಕುಳಿತು ಕುಡಿಯಿರಿ" ಎಂದು ಕುರ್ಚಿ ಎಳೆದು ಹಾಕಿದರು. ಅಷ್ಟು ಹೊತ್ತಿಗೆ ಪರ್ಸಿನ ಕಡೆಗೆ ಕೈ ಹೋಗುವುದು ನಿಂತಿತ್ತು. ಎರಡು ಲೋಟ ಕುಡಿದೆ, ಇನ್ನೊಂದು ಕೇಳಿಯೂ ಕುಡಿದೆ.

ಆ ರಾತ್ರಿ ಚಾಪೆಯ ಮೇಲೆ ಮಲಗಿದಾಗ ನನಗೆ ನೆನಪಾದವನು ನಿನ್ನ ಆಟೋದವನು. ಜ್ವರದಲ್ಲಿ ಮೆಟ್ಟಿಲ ಮೇಲೆ ಕುಸಿದಿದ್ದ ನಿನ್ನನ್ನು ಎತ್ತಿಕೊಂಡು ಆಸ್ಪತ್ರೆಗೆ ಒಯ್ದು, ನಿನ್ನ ಗೆಳತಿ ಬರುವವರೆಗೆ ಬಾಗಿಲಲ್ಲಿ ಕಾದನಂತೆ. ಬಾಡಿಗೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲವಂತೆ. ನೀನು ಅದನ್ನು ಹೇಳಿದಾಗ ನಾನು ಏನು ಕೇಳಿದೆ ನೆನಪಿದೆಯೇ? "ಅವನ ಬಳಿ ನಿನ್ನ ಫೋನ್ ನಂಬರ್ ಇಲ್ಲ ತಾನೇ?" ಎಂದೆ. ಅವನಿಗೆ ಒಳ್ಳೆಯದಾಗಲಿ ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಅದನ್ನು ನಳದುರ್ಗದವರೆಗೂ ನೆನೆಯುತ್ತಾ ನಡೆದೆ. ಹುಣ್ಣಿಮೆಯ ದಿನ ಪರಡಿಗೆ ಜೋಳ ಹಾಕುವಾಗ ಒಂದು ಹಿಡಿಯನ್ನು ಹೊಲದ ಅಕ್ಕನಿಗೆಂದು, ಒಂದು ಹಿಡಿಯನ್ನು ಅವನಿಗೆಂದು ಹಾಕಿದೆ. ಇಬ್ಬರ ಹೆಸರೂ ನನಗೆ ಗೊತ್ತಿಲ್ಲ.

ರಾತ್ರಿಯ ಬಸ್ಸಿನಲ್ಲಿ ಒಂಟಿಯಾಗಿ ಬರುವಾಗ ಎಚ್ಚರವಾಗಿರು ಎಂದು ಈಗಲೂ ಹೇಳುತ್ತೇನೆ. ತಾಯಿಯ ಜೀವ, ಹೇಳದೆ ಇರಲಾರೆ. ಆದರೆ ಆ ಆಟೋ ನಿಲ್ಲುವ ಜಾಗ ನಿನಗೆ ಗೊತ್ತಲ್ಲ, ಒಮ್ಮೆ ಹೋಗು. ನಮ್ಮ ಅವ್ವ ನಿಮ್ಮನ್ನು ನೆನೆಸಿದಳು ಎಂದು ಹೇಳು. ಹಣದ ಮಾತು ಎತ್ತಬೇಡ.

ದೀಪಾವಳಿಗೆ ಬಂದಾಗ ನಾವಿಬ್ಬರೂ ಆಳಂದದ ಬಸ್ ಹತ್ತಿ ಕಡಗಂಚಿಯ ಆಚೆ ಇಳಿಯೋಣ. ಬೇವಿನ ಗಿಡ, ತಗಡಿನ ಶೆಡ್ಡು, ರಸ್ತೆಯ ಎಡಕ್ಕೆ. ಸೋಯಾ ರಾಶಿ ಮುಗಿದಿರುತ್ತದೆ, ಆದರೆ ತೊಗರಿ ಇರುತ್ತದೆ, ಯಾರಾದರೂ ಗುರುತು ಹೇಳುತ್ತಾರೆ. ಬರುವಾಗ ಮೊಣಕಾಲಿಗೆ ಹಾಕಿಕೊಳ್ಳುವ ಪಟ್ಟಿ ಒಂದು ಜೊತೆ ತೆಗೆದುಕೊಂಡು ಬಾ. ಅಳತೆ ಕೇಳಿದರೆ, ತೆಳ್ಳಗಿನ ಹೆಂಗಸು, ನಮ್ಮ ಅಜ್ಜಿಯಷ್ಟು ಎತ್ತರ ಎಂದು ಹೇಳು. ಜೊತೆಗೆ ಒಂದು ಹೊಸ ಟವೆಲ್ ಕೂಡ.

ನಿನ್ನ
ಅವ್ವ